ಯಾಸೀನನ ಚಸ್ಮಾದಾಗ ಕಂಡದ್ದು

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣ್ಯಾಗ ಯಾಸೀನ ಅಂತ ಒಬ್ಬ ವಿಡಿಯೋದವ ಅದಾನ. ವಯಸ್ಸು ಮೂವತ್ತೆಂಟು, ಸಣಕಲ ಮೈ, ಮೂಗಿನ ತುದಿಮ್ಯಾಲ ಸಿಟ್ಟು. ಇಂಡಿ ಇರಲಿ, ಮುದ್ದೇಬಿಹಾಳ ಇರಲಿ, ಬಸವನ ಬಾಗೇವಾಡಿ ಇರಲಿ, ಎಲ್ಲಿ ಲಗ್ನ ಇದ್ರೂ ಅವನ ಡ್ರೋನ್ ಗುಂಯ್ ಅಂತಿರತೈತಿ. ಕೆಲಸ ಛಲೋ ಮಾಡ್ತಾನ, ಅದರಾಗ ಎರಡ ಮಾತಿಲ್ಲ. ಆದ್ರ ಆ ಬಾಯಿ! ಅವನು "ನಗ್ರಿ" ಅಂದ್ರ ಮದುಮಗ ಹೆದರೇ ಹಲ್ಲ ಕಿಸೀತಾನ.

ಅವರಪ್ಪ ಚಮನಸಾಬ ಲಗ್ನದ ಬ್ಯಾಂಡಿನ್ಯಾಗ ಕ್ಲಾರಿನೆಟ್ ಊದತಿದ್ದ. ಅಪ್ಪ ಊದಿದ, ಮಗ ಹಾರಸಾಕತ್ತಿದ. ಎರಡೂ ಗಾಳಿ ಧಂದೇನ ಬಿಡ್ರಿ. ಅಪ್ಪ ಯಾರಿಗೂ ಒಂದ ಕೆಟ್ಟ ಮಾತ ಆಡಲಿಲ್ಲ, ಯಾಕಂದ್ರ ಬಾಯಾಗ ಯಾವತ್ತೂ ಪೀಪಿ ಇರತಿತ್ತು. ಮಗನ ಬಾಯಿ ಖಾಲಿ ಐತಿ, ಅದ ತೊಂದ್ರಿ.

ಎರಡ ವರ್ಷದ ಹಿಂದ ಯಾಸೀನ ಹೊಸ ನಮೂನಿ ಡ್ರೋನ್ ತಂದ. ಉಳಿದ ವಿಡಿಯೋದವರದು ಮೊಬೈಲ್ ಪರದೆ ನೋಡ್ಕೋತ ಹಾರಸೋದು. ಇದಕ್ಕ ಒಂದು ಸ್ಮಾರ್ಟ್ ಚಸ್ಮಾ. ಹಿಂದಿಂದ ಪಟ್ಟಿ ಬಿಗೀಬೇಕು, ಮ್ಯಾಲ ಎರಡು ಸಣ್ಣ ಕೊಂಬು. ಅದನ್ನ ಹಾಕ್ಕೊಂಡ್ರ ಡ್ರೋನಿನ ಮೂಗಿನ ಮ್ಯಾಲ ಕುಂತಂಗ. ಅದು ಬಾಗಲದಾಗ ಹೊಕ್ಕರ ನೀನೂ ಹೊಕ್ಕಿ, ಅದು ಬೇವಿನ ಗಿಡದ ಟೊಂಗಿ ನಡುವ ನುಗ್ಗಿದ್ರ ನೀ ತಲಿ ತಗ್ಗಿಸ್ತಿ. ಚಸ್ಮಾ ಹಾಕಿದ ಯಾಸೀನನ ಮೈ ಇಲ್ಲಿ ಕುರ್ಚಿಮ್ಯಾಲ, ಕಣ್ಣು ಅಲ್ಲಿ ಗಾಳ್ಯಾಗ. ಪಕ್ಕದಾಗ ಹೆಣ ಬಿದ್ರೂ ಅವಗ ಕಾಣಂಗಿಲ್ಲ.

ಇಲ್ಲೇ ನೋಡ್ರಿ ಅವನ ಗೋಳು ಚಾಲೂ ಆದದ್ದು. ನಮ್ಮ ಕಡೆ ಮಂದಿಗೆ ಒಬ್ಬ ಮನಷ್ಯಾ ಸುಮ್ನ ಕುಂತದ್ದ ನೋಡಾಕ ಆಗಂಗಿಲ್ಲ. ಏನರ ಕೇಳಬೇಕು, ಇಲ್ಲಾ ಏನರ ಕೊಡಬೇಕು. ಮುದ್ದೇಬಿಹಾಳದಾಗ ಒಬ್ಬಾತ, ಪಾಪ ಪ್ರೀತೀಲೆ, ಹಾರಸಾಕತ್ತವನ ಕೈಯಾಗ ಸುಡು ಸುಡು ಚಾ ಕಪ್ಪ ಇಟ್ಟ. ಇಂಡ್ಯಾಗ ಮಾಬುಬಿ ಅನ್ನೋ ಮುದುಕಿ, "ಆ ಚಸ್ಮಾದಾಗ ಗ್ವಾಡಿ ಹಿಂದಿಂದೂ ಕಾಣತೈತಂತ" ಅಂತ ಲಗ್ನದ ಮನಿ ಕಿಟಕಿಗೆಲ್ಲಾ ಚಾದರ ಕಟ್ಟಿಸಿದಳು. ಇಂಗಳೇಶ್ವರದಾಗ ಆದದ್ದು ಎಲ್ಲಾಕಿಂತ ಮಿಗಿಲು. ಬೀಗರಿಗೆ ಕಾಯಿ ಕೊಟ್ಟು ಪಟಗಾ ಸುತ್ತಿ ಆಹೇರಿ ಮಾಡಾಕತ್ತಿದ್ರು. ಯಜಮಾನ ನೋಡಿದ, ಯಾಸೀನ ಕುರ್ಚಿಮ್ಯಾಲ ಸುಮ್ನ ಕುಂತಾನ. ಬಂದವನೇ ಅವನ ಉಡ್ಯಾಗ ಟೆಂಗಿನಕಾಯಿ ಹಾಕಿ, ಕೊಂಬ ಸಮೇತ ಚಸ್ಮಾದ ಮ್ಯಾಲ ಗುಲಾಬಿ ಪಟಗಾ ಸುತ್ತೇಬಿಟ್ಟ. ಯಾಸೀನಗ ಕತ್ತಲಿ. ಡ್ರೋನ್ ಹೋಗಿ ಕಣಿಕಿ ಬಣವ್ಯಾಗ ನೆಟ್ಟಿತು.

"ಒಂದ ಮಾತ ಕೇಳಬಾರದೇನ್ರಿ?" ಅಂತ ಯಾಸೀನ ಒದರಿದ್ರ, ಯಜಮಾನ ಮಾರಿ ಸಣ್ಣ ಮಾಡಿ, "ಮಾನ ಮಾಡಾಕ ಯಾರರ ಕೇಳ್ತಾರೇನೋ ತಮ್ಮಾ?" ಅಂದ. ಇದಕ್ಕ ಏನ ಹೇಳ್ತಿ?

ಇಷ್ಟ ಸಾಲದ್ದಕ್ಕ ಹೋದಲ್ಲೆಲ್ಲಾ ಒಂದ ರಾಗ. "ಒಮ್ಮಿ ನಮಗೂ ಹಾಕೋ, ನಾವೂ ನೋಡ್ತೀವಿ." ಯಾಸೀನನ ಕಣ್ಣಿಗೆ ನಂಬರ್ ಐತಿ. ಚಸ್ಮಾದಾಗ ಎರಡು ಸಣ್ಣ ತಿರುಪು ತಿರುವಿ ಆ ನಂಬರಿಗೆ ಕೂಡಿಸಿರತಾನ. ಬ್ಯಾರೇದವರು ಮುಟ್ಟಿದ್ರ ಅದು ಕೆಡತೈತಿ, ಮತ್ತ ಕೂಡಸಾಕ ಅರ್ಧಾ ತಾಸು. ಅದಕ್ಕ ಅವ ಒಂದು ಕಾಯ್ದೆ ಮಾಡಿದ್ದ: ಚಸ್ಮಾ ಯಾರಿಗೂ ಕೊಡಂಗಿಲ್ಲ. ಎಮ್ಮೆಲ್ಲೆ ಬಂದ್ರೂ ಇಲ್ಲ, ಮಾವ ಬಂದ್ರೂ ಇಲ್ಲ. ಹೆಂಡತಿ ಸಗೀರಾಗೂ ಒಂದ ದಿನಾ ಹಾಕಿಲ್ಲ. "ಮ್ಯಾಲಿಂದ ನಾಕ ತಾಲೂಕ ನೋಡಿ ಬರ್ತೀರಿ, ಕಣ್ಣ ಮುಂದಿನ ಉಪ್ಪಿನ ಡಬ್ಬಿ ಕಾಣಂಗಿಲ್ಲ ನಿಮಗ" ಅಂತ ಆಕಿ ದಿನಾ ಚಾಷ್ಟಿ ಮಾಡತಿದ್ದಳು. ಯಾಸೀನ ಅದಕ್ಕೂ ಸಿಟ್ಟಿಗೇಳತಿದ್ದ.

ಈ ಸಲ ಮಳಿಗಾಲದ ಕಡೀಕ ಭೀಮಾ ಹೊಳಿ ಉಕ್ಕಿತು. ಮಹಾರಾಷ್ಟ್ರದ ಕಡೆ ಮಳಿ ಹತ್ತಿ ಮ್ಯಾಲಿನ ಡ್ಯಾಮಿನಿಂದ ನೀರ ಬಿಟ್ಟಿದ್ರು. ಮುಂಜಾನೆ ಯಾಸೀನ ಇನ್ನೂ ಹಲ್ಲ ತಿಕ್ಕಾಕತ್ತಿದ್ದ, ದೇವಣಗಾಂವದಿಂದ ಮುತ್ತು ಫೋನ್ ಮಾಡಿದ. ಮುತ್ತು ಅಲ್ಲಿ ಕಿರಾಣಿ ಅಂಗಡಿಯವ, ಹ್ವಾದ ವರ್ಷ ಅವನ ತಂಗಿ ಲಗ್ನದ ವಿಡಿಯೋ ಯಾಸೀನನೇ ತಗದಿದ್ದ.

"ಯಾಸೀನಭಾಯಿ, ನಿನ್ನ ಆ ಹಾರೋದ ತಗೊಂಡ ಲಗೂನ ಬಾ. ಹೊಳ್ಯಾಗ ಕುರಿ ಸಿಕ್ಕಾವ. ಮನಷ್ಯಾರೂ ಅದಾರೋ ಏನೋ, ತಿಳೀವಲ್ದು."

ಯಾಸೀನ ಗಾಡಿ ಹತ್ತಿ ಹ್ವಾದ. ಬಾಯಿ ಕೆಟ್ಟದ್ದು ಖರೆ, ಮನಸ ಕೆಟ್ಟದ್ದಲ್ಲ.

ದಂಡಿಮ್ಯಾಲ ಅರ್ಧಾ ಊರ ನೆರೆದಿತ್ತು. ನೀರು ಎಲ್ಲಿ ಮುಗಿತೈತಿ ಅಂತ ಕಾಣತಿರಲಿಲ್ಲ. ಕಬ್ಬಿನ ತುದಿ, ಕರೆಂಟ್ ಕಂಬದ ತಲಿ, ಅದರಾಚೆ ಬರೇ ಕೆಂಪು ನೀರು. ಎಲ್ಲಾರ ಮುಂದ ಮಾಳಿಂಗಪ್ಪ ಅನ್ನೋ ಕುರಿಗಾರ ಮೊಳಕಾಲಮಟಾ ನೀರಾಗ ನಿಂತಿದ್ದ. ಅರವತ್ತರ ಮುದುಕ, ಧೋತರ ತೊಯ್ದ ಕಾಲಿಗೆ ಅಂಟಿತ್ತು.

ಸಂಗತಿ ಏನಂದ್ರ, ಹೊಳಿ ಆಚೀ ಕಡೆ ಒಂದು ಎತ್ತರದ ಹೊಲದಾಗ ಗೊಬ್ಬರಕ್ಕಂತ ಅವನ ಕುರಿ ನಿಲ್ಲಿಸಿದ್ರು. ಹಿಂದಿನ ದಿನ ಕುರಿ ಔಷಧ ತರಾಕ ಮಾಳಿಂಗಪ್ಪ ಈಚೀಗೆ ಬಂದ, ಹೆಂಡತಿ ಸಾತವ್ವ ಕುರಿ ಕೂಡ ಉಳದಳು. ರಾತ್ರಿ ನೀರ ಏರಿ ಹೊಲದ ಸುತ್ತ ಕೂಡಿಬಿಟ್ಟಿತು. ಆಕಿ ಫೋನ್ ಬಂದ್. ಮುತ್ತು ಹೇಳೋದು ಬ್ಯಾರೆ: "ಸಂಜಿಮುಂದ ಆಕಿ ಈಚೀ ದಂಡ್ಯಾಗ ಟಂಟಂ ಗಾಡಿ ಹತ್ತಿದ್ದ ನಾ ಕಣ್ಣಾರೆ ಕಂಡೀನಿ. ಇಂಡ್ಯಾಗ ತಂಗಿ ಮನಿಗೆ ಹೋಗಿರಬೇಕು."

"ಆಕಿ ಕುರಿ ಬಿಟ್ಟ ಹೋಗಾಕಿ ಅಲ್ಲ" ಅಂತ ಮಾಳಿಂಗಪ್ಪಂದು ಒಂದ ಮಾತು.

ಇಂಜಿನ್ ದೋಣಿ ಇದ್ದದ್ದು ಒಂದ, ಅದು ಮೀನು ಹಿಡಿಯೋ ಚಂದ್ರಾಮಂದು. ಅವ ನ್ಯಾಯದ ಮಾತ ಆಡಿದ. "ಕೆಳಗ ತ್ವಾಟದ ಮನ್ಯಾಗ ಹನ್ನೊಂದ ಮಂದಿ ಮಾಳಿಗಿ ಹತ್ತಿ ಕುಂತಾರ. ದಿಬ್ಬದ ಮ್ಯಾಲ ಸಾತವ್ವಕ್ಕ ಇದ್ರ ಹೇಳ್ರಿ, ಮೊದಲ ಅಲ್ಲಿಗೇ ಹೊಂಟೆ, ಅಲ್ಲಿ ನೀರು ಲಗೂನ ಏರಾಕತ್ತೈತಿ. ಬರೇ ಕುರಿ ಇದ್ರ ತ್ವಾಟದವರು ಮೊದಲು. ಕುರೀಗೆ ದೇವರ ಅದಾನ."

"ಎಷ್ಟ ಕುರಿ ಅದಾವ?" ಅಂತ ಯಾರೋ ಕೇಳಿದ್ರು. ಕುರಿಗಾರರು ಎಣಿಸಿ ಹೇಳಂಗಿಲ್ಲ, ದೃಷ್ಟಿ ತಾಕತೈತಿ ಅಂತ. ಮಾಳಿಂಗಪ್ಪ, "ಮ್ಯಾಲಿನಾವ ಕೊಟ್ಟಷ್ಟು" ಅಂದ. ಈ ಹೊತ್ತಿನ್ಯಾಗೂ ಇವರ ಶಾಸ್ತ್ರ ನೋಡು ಅಂತ ಯಾಸೀನ ಹಲ್ಲ ಕಡದ.

ತುಂತುರು ಹನೀತಿತ್ತು. ಡ್ರೋನಿಗೆ ನೀರು ಅಂದ್ರ ವಿಷ. ಬ್ಯಾಟರಿ ಇದ್ದದ್ದು ಮೂರು, ಒಂದೊಂದಕ್ಕ ಹೆಚ್ಚು ಅಂದ್ರ ಹದಿನೈದು ನಿಮಿಷ. ಯಾಸೀನ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ಕುಂತ. "ಯಾರೂ ಮುಟ್ಟಬ್ಯಾಡ್ರಿ, ಯಾರೂ ಮಾತಾಡಸಬ್ಯಾಡ್ರಿ. ಕೈ ಮುಗೀತೇನಿ, ಚಾ ಕೊಡಬ್ಯಾಡ್ರಿ" ಅಂದು ಚಸ್ಮಾ ಬಿಗದ.

ಡ್ರೋನ್ ಹಾರಿ ಎರಡು ನಿಮಿಷ ಆಗಿಲ್ಲ, ಹೆಗಲಮ್ಯಾಲ ಒಂದು ಕೈ. "ಕಂಡ್ಳೇನೋ?" ಆ ಕೈ ಕೊಡವಿದ್ರ ಬೆನ್ನಿಗೆ ಇನ್ನೊಂದು. "ತ್ವಾಟದ ಕಡೆ ಒಂದ ಸುತ್ತ ಹಾಕೋ, ನಮ್ಮ ಮೋಟಾರ ಐತೋ ಹೋತೋ ನೋಡು." ಯಾವನೋ ಚಸ್ಮಾದ ಸಂದಿನ್ಯಾಗ ಕಣ್ಣ ಹಾಕಾಕ ಮಾರಿ ತಂದ, ತಂಬಾಕದ ವಾಸನಿ ಗಪ್ ಅಂತ ಹೊಡೀತು. "ಸರೀರೋ! ಸರೀರಿ ಅತ್ಲಾಗ!" ಅಂತ ಯಾಸೀನ ಚೀರಿದ. ಅಷ್ಟರಾಗ ದಿಬ್ಬ ಬಂತು. ಕರಿ ಮಣ್ಣು, ಕರಿ ಕುರಿ, ಮ್ಯಾಲ ಮೋಡದ ಕತ್ತಲಿ. ಭಾಳ ಕೆಳಗ ಇಳಿಸಿದ್ರ ಸಪ್ಪಳಕ್ಕ ಬೆದರಿ ಕುರಿ ನೀರಿಗೆ ಹಾರ್ತಾವ ಅಂತ ಅವ ಮ್ಯಾಲೇ ಒಂದು ಸುತ್ತು ಹೊಡದ. ಚಸ್ಮಾದ ಮೂಲ್ಯಾಗ ಬ್ಯಾಟರಿ ಅಂಕಿ ಸರ್ರ ಇಳಿಯಾಕತ್ತಿತ್ತು. ನಲವತ್ತು ಆತು, ಮೂವತ್ತೆಂಟು ಆತು. ಹೊಳ್ಳಿಸಿದ.

ಚಸ್ಮಾ ತಗದು ಎಲ್ಲಾರಿಗೂ ಕೇಳೂವಂಗ ಹೇಳಿದ. "ಕುರಿ ಅದಾವ. ಮನಷ್ಯಾರು ಯಾರೂ ಇಲ್ಲ."

"ಮುಗೀತಲ್ಲ" ಅಂತ ಚಂದ್ರಾಮ ದೋಣಿ ಹಗ್ಗಕ್ಕ ಕೈ ಹಾಕಿದ. ಮಾಳಿಂಗಪ್ಪ ನೀರಾಗಿಂದ ಎದ್ದು ಬಂದು ಯಾಸೀನನ ಮುಂದ ನಿಂತ.

"ತಮ್ಮಾ, ಇನ್ನೊಮ್ಮಿ ನೋಡು. ಆಕಿ ಅದಾಳ."

"ಕಾಕಾ, ನಾ ನೋಡೇನಿ. ನನ್ನ ಚಸ್ಮಾದಾಗ ಇರಿವಿ ಹರದಾಡಿದ್ರ ಕಾಣತೈತಿ."

"ಹಂಗಾರ ನನಗ ಹಾಕು. ನಾ ನೋಡ್ತೀನಿ."

ಬಂತಲ್ಲ ಆ ಮಾತು! ಯಾಸೀನನ ತಲಿ ಗಿರ್ ಅಂತು. ಲಗ್ನದಾಗ ಇದ ಗೋಳು, ಇಲ್ಲಿ ಹೊಳಿ ಬಂದ ನಿಂತ್ರೂ ಇದ ಗೋಳು. "ಇದೇನ ನಾಟಕದ ಪರದೆ ಅಲ್ಲ ಕಾಕಾ, ಒಬ್ಬೊಬ್ಬರ ಪಾಳಿ ಹಚ್ಚಿ ನೋಡಾಕ. ನನ್ನ ನಂಬರಿಗೆ ಕೂಡಿಸಿದ್ದು. ನಿನಗ ಮಂಜ ಮಂಜ ಕಾಣತೈತಿ, ನಾ ಕುರುಡ ಆಗಿ ಕುಂದರಬೇಕಾಗತೈತಿ." ಆದ್ರ ಮುದುಕನ ಕಣ್ಣ ನೋಡಿ ಪೂರಾ ಇಲ್ಲ ಅನ್ನಾಕ ಆಗಲಿಲ್ಲ. ಚಂದ್ರಾಮಗ ಹತ್ತ ನಿಮಿಷ ತಡಿ ಅಂದ. ಎರಡನೇ ಬ್ಯಾಟರಿ ಹಾಕಿದ.

ಈ ಸಲ ತುಸು ಕೆಳಗ ಇಳಿಸಿದ. ಕುರಿ ಬೆದರಿ ಒಂದರ ಮ್ಯಾಲ ಒಂದು ಬಿದ್ದು ಗುಂಪ ಆದವು. ಲಗೂನ ಮ್ಯಾಲ ಎತ್ತಿದ. ಮನಷ್ಯಾರು ಕಾಣಲಿಲ್ಲ. ಹೊಳ್ಳಿ ತಂದು ಚಸ್ಮಾ ತಗದ.

"ಇಲ್ಲ ಕಾಕಾ. ಇಲ್ಲ ಅಂದ್ರ ಇಲ್ಲ. ನಿನ್ನ ಮಾತ ಕೇಳಿ ಕೆಳಗ ಒಯ್ದೆ, ಕುರಿ ಹೆದರಿ ಸತ್ತೆವೋ ಕೆಟ್ಟೆವೋ ಅಂತ ನುಗ್ಗಿದವು. ಅವು ನೀರಿಗೆ ಬಿದ್ದಿದ್ರ ಅದೂ ನನ್ನ ತಲಿಮ್ಯಾಲ ಬರತಿತ್ತು."

"ಯಾ ಕಡೆ ನುಗ್ಗಿದವು? ನೀರಿನ ಕಡೆಗೋ?"

"ನೀರಿನ ಕಡೆ ಯಾಕ? ನಡುವ ನುಗ್ಗಿದವು. ಅಲ್ಲೊಂದು ಕರಿ ಕಲ್ಲ ಐತಲ್ಲ, ಅದರ ಸುತ್ತ ಕೂಡಿದವು."

ಮಾಳಿಂಗಪ್ಪ ಯಾಸೀನನ ರಟ್ಟಿ ಹಿಡದ. ಆ ಹಿಡತಕ್ಕ ಎಲುಬ ನೊಂದಿತು.

"ತಮ್ಮಾ, ಅದು ಎರಿ ಹೊಲ, ಬರೇ ಕರಿ ಮಣ್ಣು. ಮೂವತ್ತ ವರ್ಷ ಆತು ನಾ ಅಲ್ಲಿ ಕುರಿ ನಿಲ್ಲಸಾಕತ್ತು. ನಾಯಿಗೆ ಒಗ್ಯಾಕ ಒಂದು ಹರಳ ಸಿಗಂಗಿಲ್ಲ ಅಲ್ಲಿ. ಕಲ್ಲ ಎಲ್ಲಿಂದ ಬರಬೇಕು?"

ಯಾಸೀನ ಕೈಯಾಗಿನ ಚಸ್ಮಾ ಹೊಳ್ಳಿಸಿ ನೋಡಿದ.

"ಹೆದರಿದ ಕುರಿ ನೀರಿಗೂ ಓಡಂಗಿಲ್ಲ, ದೇವರ ಕಡೆಗೂ ಓಡಂಗಿಲ್ಲ. ಕಾಯೋರ ಕಡೆ ಓಡತೈತಿ" ಅಂದ ಮಾಳಿಂಗಪ್ಪ. "ಕಂಬಳಿ ಹೊಚಗೊಂಡ ಕುಂತಾಳ ಆಕಿ. ನನಗ ಹಾಕೋ ಅದನ್ನ. ನಿನ್ನ ಕಾಲ ಬೀಳ್ತೇನಿ."

ಉಳಿದದ್ದು ಒಂದ ಬ್ಯಾಟರಿ. ಯಾಸೀನಗ ಸಿಟ್ಟು ಬಂದಿತ್ತು, ಆದ್ರ ಯಾರ ಮ್ಯಾಲ ಅಂತ ಅವಗೇ ತಿಳೀಲಿಲ್ಲ. ಡ್ರೋನ್ ದಿಬ್ಬದ ಮ್ಯಾಲ ಒಯ್ದು ಎತ್ತರದಾಗ ನಿಲ್ಲಿಸಿದ. ಕೈ ಬಿಟ್ರ ನಿಂತಲ್ಲೇ ನಿಲ್ಲೋ ಗುಣ ಅದಕ್ಕ ಐತಿ. ಆಮ್ಯಾಲ, ಹೆಂಡತಿಗೂ ಹಾಕದ ಚಸ್ಮಾ ತಗದು ಮಾಳಿಂಗಪ್ಪನ ತಲಿಗೆ ಬಿಗದು, ತಿರುಪು ತಿರುವಿದ. "ಛಂದ ಕಾಣಾಕತ್ತಿದ ಕೂಡ್ಲೆ ಹೇಳು." ಮುದುಕ ಒಮ್ಮೆಲೇ, "ಯಪ್ಪಾ! ನನ್ನ ಕುರಿ!" ಅಂತ ಕೂಗಿ, ಎದುರಿಗೇ ಅದಾವ ಅನ್ನವರಂಗ ಎರಡೂ ಕೈ ಚಾಚಿ ನಡದೇಬಿಟ್ಟ. ಮುಂದ ಹೊಳಿ! ಯಾಸೀನ ಒಂದ ಕೈಲೆ ಡ್ರೋನಿನ ರಿಮೋಟ, ಇನ್ನೊಂದ ಕೈಲೆ ಅವನ ಧೋತರದ ಗಂಟು ಹಿಡದು ಜಗ್ಗಿದ.

"ನಿಂದರೋ ಮಾರಾಯಾ! ನೀ ಇಲ್ಲೇ ಅದಿ, ಅಲ್ಲಿಲ್ಲ! ಮುತ್ತು, ಈ ಕಾಕಾನ್ನ ಗಟ್ಟಿ ಹಿಡ್ಕೋ!"

ಮುತ್ತು ಹಿಂದಿಂದ ಮುದುಕನ್ನ ತೆಕ್ಕಿ ಹೊಡದ. ಇನ್ನ ಹಾರಸೋದು. ಕಣ್ಣ ಒಬ್ಬಂದು, ಕೈ ಒಬ್ಬಂದು. ಎತ್ತು ಏರಿಗೆ, ಕ್ವಾಣ ನೀರಿಗೆ.

"ಮೂಡಲಕ ಹೋಗು" ಅಂದ ಮಾಳಿಂಗಪ್ಪ.

"ಮೂಡಲಾ ಪಡುವಲಾ ನನಗ ತಿಳಿಯಂಗಿಲ್ಲ! ಎಡಕ್ಕೋ ಬಲಕ್ಕೋ ಹೇಳು!"

"ಎಡಾ ಬಲಾ ಯಾರದು? ನಂದೋ, ಕುರೀದೋ?"

"ನಿಂದೋ, ನಿಂದು! ಹಾಳಾಗಿ ಹ್ವಾದೆ ನಾ ಇವತ್ತ!"

"ಹಂಗಾರ ಬಲಕ್ಕ. ಇನ್ನಷ್ಟು. ಬಿಡು, ಬಿಡು, ಸಾಕು. ಇನ್ನ ಕೆಳಗ ಇಳಿಸು."

"ಕುರಿ ಹೆದರತಾವ ಕಾಕಾ."

"ಹೆದರಲಿ! ಹೆದರಲಿ ಅಂತನ ಹೇಳಾಕತ್ತೇನಿ. ಇಳಿಸು."

ಯಾಸೀನ ಕಣ್ಣ ಮುಚ್ಚಿದ. ತೆರದ್ರೂ ಏನೂ ಕಾಣತಿರಲಿಲ್ಲ, ಒಂದುವರಿ ಕಿಲೋಮೀಟರ್ ದೂರ. ಬೆರಳು ಬರೇ ಮಾತ ಕೇಳಿ ಕೆಲಸ ಮಾಡಾಕತ್ತವು. ಮಾಳಿಂಗಪ್ಪ ಕಂಡದ್ದ ಕಂಡಂಗ ಹೇಳಾಕತ್ತಿದ್ದ. "ಓಡಿದವು. ನಡುವ ಓಡಿದವು. ಕಂಬಳಿ. ಅದು ನನ್ನ ಕಂಬಳಿ. ಇನ್ನಷ್ಟ ಇಳಿಸು. ಏಳ, ಏಳ ಸಾತಿ, ಏಳ…"

ಆಮ್ಯಾಲ ಮುದುಕ ಯಾರೋ ಕಪಾಳಕ್ಕ ಬಿಟ್ಟಂಗ ಹಿಂದಕ್ಕ ಜೋಲಿ ಹೊಡದು, ಮುತ್ತೂನ್ನೂ ಕೆಡವಿಕೊಂಡು ಕೆಸರಾಗ ಬಿದ್ದ. ಬಿದ್ದಲ್ಲೇ ಕೂಗಿದ.

"ಹೊಡದಳು! ಬಡಿಗಿ ತಗೊಂಡ ಹೊಡದಳಪೋ! ಜೀವಂತ ಅದಾಳ!"

ಯಾಸೀನನ ಕೈಯಾಗಿನ ರಿಮೋಟ ಟೀಂ ಟೀಂ ಅಂತ ಹೊಯ್ಕೊಳ್ಳಾಕತ್ತಿತು. ಡ್ರೋನ್ ಹ್ವಾದಂಗ. "ನನ್ನ ಡ್ರೋನ್!" ಅಂತ ಅವ ಒದರಿದ್ದು ಯಾರಿಗೂ ಕೇಳಲಿಲ್ಲ, ದಂಡಿ ತುಂಬ ಸೀಟಿ, ಚಪ್ಪಾಳಿ. ಚಂದ್ರಾಮನ ಇಂಜಿನ್ ಆಗಲೇ ಚಾಲೂ ಆಗಿತ್ತು.

ಮುಕ್ಕಾಲ ತಾಸಿಗೆ ದೋಣಿ ಬಂತು. ಸಾತವ್ವ ಉಡ್ಯಾಗ ನಾಕು ಎಳೀ ಮರಿ ಹಿಡ್ಕೊಂಡ ಕುಂತಿದ್ದಳು. ಕಾಲಗಡೆ ಇನ್ನಷ್ಟ ಕುರಿ. ಹಿಂದಿನ ಸಂಜಿಗೆ ಟಂಟಂ ಹತ್ತಿದಾಕಿ ಬ್ಯಾರೆ ಯಾರೋ. ಚಂದ್ರಾಮ, "'ಮೊದಲ ಮರಿ ಹತ್ತಿಸು, ಆಮ್ಯಾಲ ನಾ' ಅಂದಳ್ರಿ, ಏನ ಮಾಡ್ಲಿ" ಅಂತ ಬೈಕೋತ, ನಗಕೋತ ದೋಣಿ ಹೊಳ್ಳಿಸಿ ತ್ವಾಟದ ಕಡೆ ಹ್ವಾದ.

ಸಾತವ್ವ ದಂಡಿಗೆ ಇಳದು ಗಂಡನ್ನ ಒಮ್ಮಿ ನೋಡಿದಳು. "ಔಷಧ ತಂದೀಯಿಲ್ಲೋ?" ಅಂದಳು. ಅವ ಹೂಂ ಅಂತ ತಲಿ ಅಲ್ಲಾಡಿಸಿದ. ಆಮ್ಯಾಲ ಆಕಿ ಸುತ್ತ ನೋಡಿ ಕೇಳಿದಳು.

"ಆ ಗುಂಯ್‌ಗುಡೋದು ಯಾರದು?"

ಯಾಸೀನ ಮುಂದ ಬಂದ. ಬಾಯಾಗ ಒಂದ ಗಾಡಿಯಷ್ಟ ಮಾತಿದ್ದವು. ಎಂಥಾ ಡ್ರೋನ್ ಅದು, ಒಂದ ಬಡಿಗಿ ಏಟಿಗೆ ಮಣ್ಣ ಮಾಡಿದ್ರೆಲ್ಲ, ಇನ್ನ ಲಗ್ನಕ್ಕ ಏನ ಹಾರಸ್ಲಿ. "ನಂದ್ರೀ ಕಾಕು" ಅಂದ.

"ಮುಂಜಾನಿಂದ ಎರಡ ಸಲ ಬಂದೀದಿ. ಮರಿ ಕಾವಿಗೆ ಬುಡಕ ಹಾಕ್ಕೊಂಡ ಕುಂತಿದ್ದೆ, ಎದ್ದ ನಿಂದರಾಕ ಬರತಿರಲಿಲ್ಲ. ಎರಡೂ ಸಲ ಕೈ ಎತ್ತಿದೆ. ಎರಡೂ ಸಲ ಹೊಳ್ಳಿ ಹ್ವಾದಿ. ಮೂರನೇ ಸಲಕ್ಕ ಕುರಿ ಕೆಡಿಸಾಕ ಬಂದೈತಿ ದೆವ್ವಾ ಅಂತ ಹೊಡದೆ."

"ಕೈ ಎತ್ತಿರಲಿಲ್ಲ ಬಿಡ್ರಿ ಕಾಕು. ಎತ್ತಿದ್ರ ನನಗ ಕಾಣತಿತ್ತು" ಅಂದ ಯಾಸೀನ. ಮಾತು ತಾನ ಹೊಂಟಬಿಟ್ಟಿತ್ತು, ರೂಢಿ.

ಯಾಸೀನ ತಾನ ಖರೆ ಅಂತ ತೋರಸಾಕ, ಮಾಳಿಂಗಪ್ಪನ ಕೈಯಾಗಿನ ಕೆಸರಾದ ಚಸ್ಮಾ ಇಸಗೊಂಡು ಅಂಗೀಲೆ ಒರಿಸಿ, ತಿರುಪು ಅಂದಾಜಿಲೆ ತನ್ನ ಕಣ್ಣಿಗೆ ತಿರುವಿ ಹಾಕ್ಕೊಂಡ. ಹಾರಿಸಿದ್ದೆಲ್ಲಾ ಚಸ್ಮಾದಾಗ ಉಳೀತೈತಿ. ಮೊದಲನೇ ಸಲದ್ದು ಹಚ್ಚಿದ. ಕೆಂಪು ನೀರು, ಕಂಬದ ತಲಿ, ದಿಬ್ಬ, ಕುರಿ. ನಡುವ ಆ ಕರಿ ಕಲ್ಲು. ಕಲ್ಲಿನ ಒಳಗಿಂದ ಒಂದು ತೆಳ್ಳನ ಕೈ ಮ್ಯಾಲ ಎದ್ದು, ಅತ್ತಿಂದಿತ್ತ ಆಡಿತು. ಹಸರ ಬಳಿ ಸುದ್ದಾ ಕಾಣಾಕತ್ತಿದ್ವು. ಅವ ಬ್ಯಾಟರಿ ಅಂಕಿ ನೋಡಾಕತ್ತಿದ್ದ ಹೊತ್ತು ಅದು. ಡ್ರೋನ್ ತಿರುಗೋವರೆಗೂ ಆ ಕೈ ಕೆಳಗ ಇಳಿದಿರಲಿಲ್ಲ. ಎರಡನೇ ಸಲದ್ದು ಹಚ್ಚಿದ. ಅದರಾಗೂ ಇತ್ತು.

ಯಾಸೀನ ಚಸ್ಮಾ ತಗದ.

"ಕಾಕು," ಅಂದ ಯಾಸೀನ, "ನೀವು ಕೈ ಎತ್ತೀರಿ. ಎರಡೂ ಸಲ."

"ಅದನ್ನ ನಾ ಆಗಲೇ ಹೇಳಿದೆನಲ್ಲೋ" ಅಂದು ಸಾತವ್ವ ಮರಿ ಒರಸಾಕ ಕುಂತಳು.